ಚೆನ್ನೆಮಣೆಯಲ್ಲಿ ಕಾದಿಟ್ಟ ಯುದ್ಧ

ಜೋಡಿಸಿಡುವುದು ಬೇರೆ, ಅಂದವಾಗಿಡುವುದು ಬೇರೆ. ಈ ವ್ಯತ್ಯಾಸ ತಿಳಿಯದವರ ನಡುವೆಯೇ ನನ್ನ ಅರ್ಧ ಆಯುಷ್ಯ ಕಳೆಯಿತು. ಮೇಜಿನ ಮೇಲೆ ಹರಡಿದ್ದನ್ನೆಲ್ಲ ಒಟ್ಟುಮಾಡಿ, ಅಂಚು ಸಮಮಾಡಿ, ಮೇಲೊಂದು ಬಟ್ಟೆ ಹೊದೆಸಿ, "ಈಗ ನೋಡಲಿಕ್ಕೆ ಚಂದ ಆಯಿತು" ಎನ್ನುವವರನ್ನು ಕಂಡರೆ ನನಗೆ ಈಗಲೂ ಮೈ ಉರಿಯುತ್ತದೆ. ಚಂದ ಯಾರಿಗೆ ಬೇಕಿತ್ತು? ಅವರನ್ನು ಕೇಳಿದವರು ಯಾರು?

ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ನಾನು ಉಡುಪಿಯ ಒಂದು ಸಣ್ಣ ಪ್ರೆಸ್ಸಿನಲ್ಲಿ ಬೈಂಡರ್ ಆಗಿದ್ದೆ. ಮನೆ ಶಂಕರಪುರದಲ್ಲಿ. ಅಚ್ಚಾದ ಹಾಳೆ ಮಡಚುವುದು, ಪುಟದ ಕ್ರಮದಲ್ಲಿ ಪೇರಿಸುವುದು, ಹೊಲಿಯುವುದು, ರಟ್ಟು ಹಾಕುವುದು ನನ್ನ ಕೆಲಸ. ಒಂದು ಮಡಿಕೆ ಹಿಂದುಮುಂದಾದರೆ ಪುಸ್ತಕವೇ ಕೆಟ್ಟಂತೆ. ಹಾಗಾಗಿ ಕ್ರಮ ಎಂದರೆ ನನಗೆ ಶೋಕಿಯಲ್ಲ, ಅನ್ನ.

ನನ್ನ ಗೆಳೆಯ ಕಾಪುವಿನವನು, ಬ್ಯಾರಿಗಳ ಮನೆಯವನು. ಶಾಲೆಯಲ್ಲಿ ನಮ್ಮದು ಒಂದೇ ಬೆಂಚು. ಅವನು ತನ್ನ ಮಾವನ ಮರದ ಡಿಪ್ಪೋದಲ್ಲಿ ಕೆಲಸಕ್ಕಿದ್ದ. ಒಮ್ಮೆ ಪ್ರೆಸ್ಸಿನ ರದ್ದಿಯಲ್ಲಿ ನನಗೆ ಯಾವುದೋ ವಿದೇಶಿ ಪತ್ರಿಕೆಯ ಹಾಳೆ ಸಿಕ್ಕಿತು. ಅದರಲ್ಲಿ ಇಬ್ಬರು ಬೋಳುತಲೆಯ ಗಂಡಸರು ಮೇಜಿನ ಮೇಲೆ ಬಗ್ಗಿ, ಬೆರಳುದ್ದದ ಹಡಗುಗಳನ್ನಿಟ್ಟುಕೊಂಡು, ಕೈಯಲ್ಲಿ ಇಸ್ಪೀಟಿನಂಥ ಕಾರ್ಡು ಹಿಡಿದು ಯುದ್ಧ ಆಡುತ್ತಿದ್ದ ಚಿತ್ರವಿತ್ತು. ನಿಯಮ ಏನೆಂದು ಅದರಲ್ಲಿ ಬರೆದಿರಲಿಲ್ಲ. ಗೆಳೆಯ ಚಿತ್ರವನ್ನು ತುಂಬ ಹೊತ್ತು ನೋಡಿ, "ನಿಯಮ ನಾವೇ ಮಾಡುವ, ಅದಕ್ಕೆಂತ?" ಎಂದ.

ಮರದ ಚೂರುಗಳಿಂದ ಅವನು ಹದಿನಾಲ್ಕು ಹಡಗು ಕೆತ್ತಿದ, ಆಳಿಗೆ ಏಳೇಳು. ನನ್ನ ಪಾಲಿನವು ಮಟ್ಟುಗುಳ್ಳ ಬದನೆಯ ಹಾಗೆ ಗುಂಡಗಿದ್ದವು. ಬೇಕೆಂದೇ ಹಾಗೆ ಮಾಡಿದ್ದನೆಂದು ನನ್ನ ಅನುಮಾನ. ಹಳೆಯ ಬಾಗಿಲ ಹಲಗೆಯೊಂದು ನಮ್ಮ ಸಮುದ್ರ. ಅದಕ್ಕೆ ಚೌಕದ ಗೆರೆ ಎಳೆದು, ಹಡಗು ಜಾರದಂತೆ ತಳಕ್ಕೆ ಸಣ್ಣ ಮೊಳೆ ಕೊಟ್ಟ. ನಾನು ರಟ್ಟಿನ ತುಂಡುಗಳಿಂದ ಅರವತ್ತು ಕಾರ್ಡು ಕತ್ತರಿಸಿ, ಪ್ರೆಸ್ಸಿನ ನಂಬರಿಂಗ್ ಮೆಷಿನ್ನಿನಲ್ಲಿ ಅಂಕೆ ಹೊಡೆದೆ. ಒಂದರಲ್ಲಿ ತೆಂಕಣ ಗಾಳಿ, ಇನ್ನೊಂದರಲ್ಲಿ ಲಂಗರು, ಮತ್ತೊಂದರಲ್ಲಿ ಫಿರಂಗಿ, ಹೀಗೆ. ಪ್ರತಿ ಹಡಗಿಗೂ ಹತ್ತು ಕೆಂಪು ಮಂಜೊಟ್ಟಿ ಬೀಜ, ಅದು ಅಕ್ಕಿ ಮತ್ತು ಕುಡಿಯುವ ನೀರು. ಹಡಗು ಕದಲಿದ ಸುತ್ತಿಗೊಂದು ಬೀಜ ಖರ್ಚು. ಏಟು ಬಿದ್ದರೆ ಒಂದು ಹುಣಸೆ ಬೀಜ. ಮಂಜೊಟ್ಟಿ ಮುಗಿದ ಹಡಗು ಶರಣಾಗಬೇಕು, ದೊಡ್ಡ ಹಡಗು ಶರಣಾದರೆ ಆಟವೇ ಮುಗಿಯಿತು.

ಮೊದಮೊದಲು ಬೀಜಗಳನ್ನು ಹಡಗಿನ ಪಕ್ಕದಲ್ಲೇ ಹಲಗೆಯ ಮೇಲೆ ಇಡುತ್ತಿದ್ದೆವು. ಮೊಣಕೈ ತಾಗಿದರೆ ಸಾಕು, ನನ್ನ ಅಕ್ಕಿ ಅವನ ಹಡಗಿಗೆ, ಅವನ ಗಾಯ ನನ್ನ ಹಡಗಿಗೆ. ಯುದ್ಧಕ್ಕಿಂತ ಜಗಳವೇ ಹೆಚ್ಚು. ಆಗ ನನಗೆ ಚೆನ್ನೆಮಣೆ ನೆನಪಾಯಿತು. ನಮ್ಮ ಕಡೆಯವರಿಗೆ ಅದನ್ನು ಹೇಳಬೇಕಾಗಿಲ್ಲ; ಬೇರೆಯವರಿಗಾಗಿ ಹೇಳುತ್ತೇನೆ, ಎದುರುಬದುರಾಗಿ ಏಳೇಳು ಗುಳಿ ತೋಡಿದ ಮರದ ಮಣೆ. ಜುಲೈ ಅರ್ಧದಿಂದ ಆಗಸ್ಟ್ ಅರ್ಧದವರೆಗಿನ ಆಟಿ ತಿಂಗಳಲ್ಲಿ, ಮಳೆಗೆ ಹೊರಗಿನ ಕೆಲಸವಿಲ್ಲದಾಗ, ಗುಳಿಗೆ ನಾಲ್ಕರಂತೆ ಬೀಜ ತುಂಬಿ ಹೆಂಗಸರು ಆಡುತ್ತಾರೆ. ಆಟಿ ಕಳೆಯಿತೋ, ಮಣೆ ಅಟ್ಟಕ್ಕೆ. ಮತ್ತೆ ಹನ್ನೊಂದು ತಿಂಗಳು ಅದನ್ನು ಕೇಳುವವರಿಲ್ಲ. ಆಳಿಗೆ ಏಳು ಹಡಗು, ಆಳಿಗೆ ಏಳು ಗುಳಿ. ಹೇಳಿ ಮಾಡಿಸಿದ ಹಾಗಿತ್ತು.

ಕಾರ್ಡುಗಳಿಗೂ ಒಂದು ದಾರಿ ಕಂಡುಕೊಂಡೆ. ಅಮ್ಮ ಮಲ್ಲಿಗೆ ಕಟ್ಟುತ್ತಿದ್ದರು, ಮನೆಯಲ್ಲಿ ಬಾಳೆನಾರಿಗೆ ಬರವಿರಲಿಲ್ಲ. ಆಟ ಅರ್ಧಕ್ಕೆ ನಿಂತಾಗ ಅವನ ಕೈಯ ಕಾರ್ಡುಗಳಿಗೆ ನಾರಿನಲ್ಲಿ ಒಂದು ಗಂಟು, ನನ್ನ ಕೈಯದಕ್ಕೆ ಎರಡು, ಇನ್ನೂ ತೆಗೆಯದ ಕಟ್ಟಿಗೆ ಮೂರು, ಆಡಿ ಬಿಟ್ಟದ್ದಕ್ಕೆ ನಾಲ್ಕು. ಮುಂದಿನ ಭಾನುವಾರ ಬಿಚ್ಚಿದರೆ ಬಿಟ್ಟಲ್ಲಿಂದಲೇ ಶುರು. ಈ ವ್ಯವಸ್ಥೆಯ ಬಗ್ಗೆ ನನಗೆ ಎಷ್ಟು ಹೆಮ್ಮೆ ಇತ್ತೆಂದರೆ, ಆಟ ಸೋತರೂ ಅಷ್ಟು ಬೇಸರವಾಗುತ್ತಿರಲಿಲ್ಲ.

ಅಷ್ಟರಲ್ಲಿ ಗೆಳೆಯನಿಗೆ ಗಲ್ಫಿನ ವೀಸಾ ಬಂತು. ಹೊರಡುವ ಮುನ್ನಾ ದಿನ ನಾವು ಆಡುತ್ತಿದ್ದ ಆಟದಲ್ಲಿ ನನ್ನ ದೊಡ್ಡ ಹಡಗು ಅವನ ಮೂರು ಹಡಗುಗಳ ನಡುವೆ ಸಿಕ್ಕಿಬಿದ್ದಿತ್ತು. ಅದರ ಗುಳಿಯಲ್ಲಿ ಉಳಿದಿದ್ದದ್ದು ಒಂದೇ ಮಂಜೊಟ್ಟಿ. ಇನ್ನೆರಡು ಸುತ್ತಿನಲ್ಲಿ ಮುಗಿಯುತ್ತಿತ್ತು.

"ಇದನ್ನು ಮುಗಿಸುವುದು ಬೇಡ," ಎಂದ ಅವನು. "ಎರಡು ವರ್ಷಕ್ಕೆ ರಜೆಯಲ್ಲಿ ಬರುತ್ತೇನಲ್ಲ, ಆಗ ಮುಗಿಸುವ. ಎಲ್ಲಾ ಒಂದು ಕಾಗದದಲ್ಲಿ ಬರೆದಿಟ್ಟುಕೊಳ್ಳುವನಾ?"

ನನಗೆ ಚುಚ್ಚಿದಂತಾಯಿತು. "ಬರೆಯುವುದೆಂತಕ್ಕೆ? ನಾನು ಜೋಡಿಸಿಟ್ಟರೆ ಬರೆದ ಹಾಗೆಯೇ," ಎಂದೆ.

ಹಡಗು ಚುಚ್ಚಿದ ಹಲಗೆಯನ್ನು ಗೋಣಿಯಲ್ಲಿ ಸುತ್ತಿ ಡಿಪ್ಪೋದ ಅಟ್ಟಕ್ಕೆ ಏರಿಸಿದೆವು. ಅದನ್ನು ಯಾರೂ ಮುಟ್ಟಲಿಲ್ಲ. ಚೆನ್ನೆಮಣೆಯ ಮೇಲೆ ರಟ್ಟು ಮುಚ್ಚಿ, ಬೈಂಡಿಂಗಿನ ಪಟ್ಟಿಯಿಂದ ಬಿಗಿದು, ನಾಲ್ಕು ಕಟ್ಟು ಕಾರ್ಡಿನೊಂದಿಗೆ ನನ್ನ ಮನೆಯ ತಗಡಿನ ಟ್ರಂಕಿನಲ್ಲಿಟ್ಟೆ.

ಆ ವರ್ಷ ಅಕ್ಕ ಮದುವೆಯಾಗಿ ಕಾರ್ಕಳಕ್ಕೆ ಹೋಗಿದ್ದಳು. ಹೊಸದಾಗಿ ಮದುವೆಯಾದವಳು ಆಟಿಗೆ ತವರಿಗೆ ಬರಬೇಕು, ಬಂದಳು. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ? ಆಟಿಗೆ ಬಂದವಳು ಚೆನ್ನೆಮಣೆ ಕೇಳದಿರುತ್ತಾಳೆಯೇ? ಇದು ನನ್ನ ತಲೆಗೆ ಹೊಳೆಯಬೇಕಿತ್ತು. ಆದರೆ ಪ್ರೆಸ್ಸಿನಲ್ಲಿ ನೋಟ್ ಪುಸ್ತಕದ ಕೆಲಸ ರಾಶಿ ಬಿದ್ದಿತ್ತು, ಭಾನುವಾರವೂ ರಜೆಯಿಲ್ಲ. ಬೆಳಿಗ್ಗೆ ಹೋದರೆ ಕತ್ತಲಾದ ಮೇಲೆ ಬರುತ್ತಿದ್ದೆ. ಹಗಲಲ್ಲಿ ಜಗಲಿಯಲ್ಲಿ ಏನು ನಡೆಯುತ್ತಿತ್ತೆಂದು ನನಗೆ ಗೊತ್ತೇ ಆಗಲಿಲ್ಲ.

ಅಕ್ಕ ಕಾರ್ಕಳಕ್ಕೆ ಮರಳಿದ ಮೇಲೆ ಒಂದು ದಿನ, ಮಳೆಯ ಥಂಡಿಗೆ ಕಾರ್ಡು ಮುಗ್ಗಿದೆಯೋ ಎಂದು ನೋಡಲು ಟ್ರಂಕು ತೆಗೆದೆ. ಪಟ್ಟಿ ಬಿಗಿದೇ ಇತ್ತು, ಆದರೆ ಗಂಟು ನನ್ನದಲ್ಲ. ರಟ್ಟು ಎತ್ತಿದರೆ, ಒಂದೊಂದು ಗುಳಿಯಲ್ಲೂ ನಾಲ್ಕು ಬೀಜ. ನಾಲ್ಕು, ನಾಲ್ಕು, ನಾಲ್ಕು, ಹದಿನಾಲ್ಕು ಗುಳಿಗೂ ನಾಲ್ಕೇ. ಗೆದ್ದ ಹಡಗಿಗೂ ನಾಲ್ಕು, ಸಾಯುತ್ತಿದ್ದ ಹಡಗಿಗೂ ನಾಲ್ಕು. ಮಿಕ್ಕ ಮಂಜೊಟ್ಟಿಗಳು ಒಂದು ಬಟ್ಟೆಯ ಗಂಟಿನಲ್ಲಿ. ಹುಣಸೆ ಬೀಜ ಒಂದೂ ಇಲ್ಲ. ಕಾರ್ಡುಗಳು ಒಂದೇ ಕಟ್ಟಾಗಿ, ಒಂದರಿಂದ ಅರವತ್ತರವರೆಗೆ ಅಂಕೆಯ ಕ್ರಮದಲ್ಲಿ ಕೂತಿದ್ದವು.

"ಅಕ್ಕ ಆಡಿದಳು, ನಾನೂ ಕೂತೆ," ಎಂದರು ಅಮ್ಮ. "ಅದಕ್ಕೆಂತ ಮುಖ ಊದಿಸಿಕೊಳ್ಳುವುದು? ಎಲ್ಲಾ ಸಮ ಮಾಡಿಯೇ ಇಟ್ಟು ಹೋಗಿದ್ದಾಳೆ. ನೀನು ಇಟ್ಟದ್ದು ಒಂದು ಗುಳಿಯಲ್ಲಿ ಒಂಬತ್ತು, ಒಂದರಲ್ಲಿ ಒಂದು. ಹಾಗೆ ಹೆಚ್ಚುಕಡಿಮೆ ಇಟ್ಟರೆ ಮನೆಯಲ್ಲಿ ಜಗಳ ಆಗುತ್ತದೆ, ಗೊತ್ತುಂಟಾ?"

ಜಗಳ ಆಗಬಾರದೆಂದು ಮಾಡಿದ ಕೆಲಸಕ್ಕೆ ಆ ದಿನ ಆ ಮನೆಯಲ್ಲಿ ಆದಷ್ಟು ಜಗಳ ಮತ್ತೆಂದೂ ಆಗಲಿಲ್ಲ. ಸಿಟ್ಟು ಅಲ್ಲಿಗೂ ಇಳಿಯದೆ, ರಜೆ ಸಿಕ್ಕ ಮೊದಲ ದಿನವೇ ಬಸ್ಸು ಹಿಡಿದು ಕಾರ್ಕಳಕ್ಕೆ ಹೋದೆ. ದಾರಿಯಿಡೀ ಏನೇನು ಬೈಯಬೇಕೆಂದು ಸಾಲಾಗಿ ಇಟ್ಟುಕೊಂಡಿದ್ದೆ. ಆದರೆ ಹೊಸ ನೆಂಟರ ಮನೆ. ಬಾಗಿಲಲ್ಲೇ ಭಾವ, ಒಳಗೆ ಅಕ್ಕನ ಅತ್ತೆ. ತಮ್ಮ ಬಂದನೆಂದು ಅಕ್ಕನ ಮುಖ ಊರಗಲ. ಬಾಳೆಲೆ ಹಾಕಿ ಪತ್ರೊಡೆ ಬಡಿಸಿದಳು.

"ನನ್ನ ಮಣೆಯನ್ನು ಬಿಚ್ಚಿದೆಯಲ್ಲ," ಎಂದೆ, ಸ್ವರ ತಗ್ಗಿಸಿ.

"ನಿನ್ನ ಮಣೆಯಾ? ಅದು ಅಜ್ಜಿಯದ್ದು," ಎಂದಳು. "ಮತ್ತೆ ಹಾಗೆಯೇ ಚೆಲ್ಲಿ ಬಂದೆನಾ ನಾನು? ಎಣಿಸಿ ಇಟ್ಟಿದ್ದೇನೆ. ಹುಣಸೆ ಬೀಜಕ್ಕೆ ಹುಳ ಹಿಡಿದಿತ್ತು, ಬಿಸಾಡಿದೆ."

ಭಾವ ನಗುತ್ತ ಮಾತು ಸೇರಿಸಿದರು. "ಆ ಕಾರ್ಡು ನಾನು ಜೋಡಿಸಿದ್ದು. ಹೆಂಡತಿಯನ್ನು ನೋಡಿಕೊಂಡು ಹೋಗುವ ಅಂತ ಬಂದವನು, ಎಲ್ಲಾ ಕಲಸಿ ಹೋಗಿತ್ತಲ್ವಾ, ಕೂತು ನಂಬರ್ ಪ್ರಕಾರ ಮಾಡಿಬಿಟ್ಟೆ. ಒಂದೂ ತಪ್ಪಿಲ್ಲ."

ಒಂದೂ ತಪ್ಪಿಲ್ಲವಂತೆ. ನಾನು ಹಲ್ಲು ಕಚ್ಚಿಕೊಂಡು ಇನ್ನೆರಡು ತುಂಡು ಪತ್ರೊಡೆ ತಿಂದು ಬಂದೆ.

ನನ್ನ ಕುದಿ ಬರೀ ಬೀಜದ್ದಲ್ಲ. ಸೋಲುತ್ತಿದ್ದವನು ನಾನು. ಆಟದ ಗುರುತೆಲ್ಲ ಇದ್ದದ್ದು ನನ್ನ ಟ್ರಂಕಿನಲ್ಲಿ. ಬರೆದಿಡುವುದು ಬೇಡ ಎಂದವನೂ ನಾನೇ. ಈಗ "ಅಕ್ಕ ಬಂದು ಎಲ್ಲ ಸಮ ಮಾಡಿದಳು" ಎಂದರೆ ಯಾರು ನಂಬುತ್ತಾರೆ? ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಜೀವಮಾನದ ಒಬ್ಬ ಗೆಳೆಯನ ಕಣ್ಣಲ್ಲಿ ನಾನು ಕಳ್ಳನಾಗಬೇಕಿತ್ತು, ಅದೂ ಮಾಡದ ತಪ್ಪಿಗೆ.

ಅವನ ಕಾಗದ ಎರಡು ಮೂರು ತಿಂಗಳಿಗೊಂದು ಬರುತ್ತಿತ್ತು. ಬಿಸಿಲು, ಒಂದು ಕೋಣೆಯಲ್ಲಿ ಹತ್ತು ಜನ, ಶುಕ್ರವಾರ ಒಂದೇ ರಜೆ. ಕೊನೆಯಲ್ಲಿ ತಪ್ಪದೆ ಒಂದು ಸಾಲು: "ಹಡಗುಗಳು ಹೇಗಿವೆ?" ನಾನು ಪ್ರತಿ ಸಲವೂ "ಇದ್ದಲ್ಲೇ ಇವೆ" ಎಂದು ಬರೆದೆ. ಹಡಗುಗಳ ಮಟ್ಟಿಗೆ ಅದು ಸುಳ್ಳಲ್ಲ. ಆದರೂ ಲಕೋಟೆ ಅಂಟಿಸುವಾಗ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತಿತ್ತು, ಅಕ್ಕನ ಮೇಲಿನ ಸಿಟ್ಟು ಇನ್ನಷ್ಟು ಏರುತ್ತಿತ್ತು.

ಎರಡು ವರ್ಷಕ್ಕೆ ಸರಿಯಾಗಿ ಅವನು ಬಂದ. ಬಂದ ಮರುದಿನವೇ ಡಿಪ್ಪೋದ ಹಿಂದಿನ ಕೋಣೆಯಲ್ಲಿ ಹಲಗೆ ಇಳಿಸಿ, ಧೂಳು ಒರೆಸಿ ಕಾಯುತ್ತಿದ್ದ. ನಾನು ಮಣೆಯನ್ನು ಅವನ ಮುಂದಿಟ್ಟು, ಆಟಿ, ಅಕ್ಕ, ಭಾವ, ಹುಳ ಹಿಡಿದ ಹುಣಸೆ ಬೀಜ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಕಾಗದದಲ್ಲಿ ಮುಚ್ಚಿಟ್ಟದ್ದನ್ನೂ ಹೇಳಿದೆ.

ಅವನು ಗುಳಿಗಳನ್ನು ನೋಡಿದ. ಅಂಗಿಯ ಜೇಬಿನಿಂದ ಪಾಸ್‌ಪೋರ್ಟ್ ತೆಗೆದು, ಅದರ ಪ್ಲಾಸ್ಟಿಕ್ ಹೊದಿಕೆಯೊಳಗಿಂದ ಒಂದು ಚೀಟಿ ಎಳೆದ. ಮಡಿಕೆಯಲ್ಲೆಲ್ಲ ಹರಿದು, ಗಾಯಕ್ಕೆ ಹಚ್ಚುವ ಪಟ್ಟಿಯಿಂದ ಅಂಟಿಸಿದ ಚೀಟಿ. ಹದಿನಾಲ್ಕು ಹಡಗಿನ ಲೆಕ್ಕ, ಕಟ್ಟು ಕಟ್ಟುವಾಗ ಕಂಡಿದ್ದ ಇಬ್ಬರ ಕೈಯ ಕಾರ್ಡುಗಳ ಅಂಕೆ, ಎಲ್ಲ ಅದರಲ್ಲಿತ್ತು.

ನನಗೆ ಸಮಾಧಾನವಾಗಬೇಕಿತ್ತು. ಆದದ್ದು ಅವಮಾನ. "ಅಂದರೆ ನನ್ನ ಮೇಲೆ ನಂಬಿಕೆ ಇರಲಿಲ್ಲ," ಎಂದೆ.

"ಬೊಂಬಾಯಿ ಬಸ್ಸಿನಲ್ಲಿ ಕೂತು ನೆನಪಿನಿಂದ ಬರೆದದ್ದು ಮಾರಾಯ. ನಂಬಿಕೆ ಇಲ್ಲದೆ ಅಲ್ಲ. ಪೆಟ್ಟಿಗೆ ನಿನ್ನ ಹತ್ತಿರ ಉಂಟು. ನನ್ನ ಹತ್ತಿರ ಎಂತ ಉಂಟು?" ಎಂದ. ಪ್ರತಿ ಶುಕ್ರವಾರ ಮಂಚದ ಮೇಲೆ ಖರ್ಜೂರದ ಬೀಜಗಳನ್ನು ಹರಡಿಕೊಂಡು, ತನ್ನ ಕಡೆಯನ್ನೂ ನನ್ನ ಕಡೆಯನ್ನೂ ತಾನೇ ಆಡುತ್ತಿದ್ದನಂತೆ.

ಚೀಟಿ ನೋಡಿ ನಾನು ಬೀಜ ತುಂಬತೊಡಗಿದೆ. ನನ್ನ ದೊಡ್ಡ ಹಡಗಿನ ಸಾಲಿಗೆ ಬಂದಾಗ ಕೈ ನಿಂತಿತು. ಅದರಲ್ಲಿ ಐದು ಎಂದಿತ್ತು.

"ಇದು ತಪ್ಪು," ಎಂದೆ. "ಇದ್ದದ್ದು ಒಂದು."

"ಗೊತ್ತುಂಟು. ಮೊದಲು ಒಂದೇ ಬರೆದದ್ದು. ಆಮೇಲೆ ತಿದ್ದಿದೆ. ಒಂದು ಇಟ್ಟರೆ ನೀನು ಎರಡೇ ಸುತ್ತಿಗೆ ಸಾಯುತ್ತಿ. ಮತ್ತೆ ಇಡೀ ಶುಕ್ರವಾರ ನಾನು ಎಂತ ಮಾಡುವುದು?"

ಆಗ ಉಕ್ಕಿದ ಸಿಟ್ಟಿಗೆ ನನ್ನಲ್ಲಿ ಇವತ್ತಿಗೂ ಸರಿಯಾದ ಕಾರಣವಿಲ್ಲ. ಎರಡು ವರ್ಷ ಕಳ್ಳನಾಗುವ ಭಯದಲ್ಲಿ ಬದುಕಿದವನಿಗೆ, ಯಾರೋ ಕರುಣೆಯಿಂದ ನಾಲ್ಕು ಬೀಜ ಹಾಕಿದ್ದಾರೆಂದರೆ ಸಹಿಸಲಾಗಲಿಲ್ಲ. "ನನಗೆ ಯಾರ ಭಿಕ್ಷೆಯೂ ಬೇಡ," ಎಂದೆ. ನಾಲ್ಕನ್ನು ಎಣಿಸಿ ತೆಗೆದು ನೆಲದ ಮೇಲಿಟ್ಟೆ.

"ಇರಲಿ ಬಿಡು ಮಾರಾಯ," ಎಂದ. "ಐದೇ ಇರಲಿ."

"ಇದ್ದದ್ದು ಒಂದು. ಆಡು."

ಅವನು ಆಡಿದ. ನಾನು ಆಡಿದೆ. ಎರಡನೆಯ ಸುತ್ತಿಗೆ ನನ್ನ ಗುಳಿ ಖಾಲಿಯಾಯಿತು. ಮಾವನ ಮನೆಯಿಂದ ಬಂದ ಚಹಾ ಇನ್ನೂ ಆರಿರಲಿಲ್ಲ. ಗೆದ್ದವನು ಅವನು, ಆದರೆ ಗೆದ್ದವನ ಮುಖ ಹಾಗಿರುವುದನ್ನು ನಾನು ಕಂಡಿರಲಿಲ್ಲ. ನನ್ನ ಹಡಗನ್ನು ಹಲಗೆಯಿಂದ ಕಿತ್ತು ಅಂಗೈಯಲ್ಲಿಟ್ಟುಕೊಂಡು ಕೂತ.

"ರಜೆ ಇನ್ನು ಮೂವತ್ತೆಂಟು ದಿವಸ ಉಂಟು," ಎಂದ. "ದಿನಕ್ಕೆ ಒಂದೊಂದೇ ಸುತ್ತು ಆಡುವ ಅಂತ ಇದ್ದೆ."

"ಹೊಸ ಆಟ ಹಾಕುವ," ಎಂದೆ.

"ಹಾಕುವ," ಎಂದ. ಆದರೆ ಮರುದಿನ ಅವನಿಗೆ ಹುಡುಗಿ ನೋಡಲು ಹೋಗುವುದಿತ್ತು, ಆಮೇಲೆ ಮದುವೆಯ ಓಡಾಟ. ಹೊಸ ಆಟ ಹಾಕಲೇ ಇಲ್ಲ.

ಹತ್ತು ಜನರ ಕೋಣೆಯಲ್ಲಿ, ಎರಡು ವರ್ಷ, ಒಂದೊಂದು ಶುಕ್ರವಾರವೂ ಅವನು ನನ್ನನ್ನು ಬದುಕಿಸಿಟ್ಟುಕೊಂಡಿದ್ದ. ನಾನು ಲೆಕ್ಕ ಸರಿಮಾಡಲು ಹೋಗಿ ಒಂದು ಲೋಟ ಚಹಾ ಆರುವುದರೊಳಗೆ ಅದನ್ನು ಮುಗಿಸಿದೆ. ಅಕ್ಕನನ್ನು ಕ್ಷಮಿಸಿ ಬಹಳ ವರ್ಷವಾಯಿತು. ಡಿಪ್ಪೋದ ಆ ಕೋಣೆಯಲ್ಲಿ ಅವತ್ತು ಸರಿಯಾಗಿದ್ದವನು ನಾನೊಬ್ಬನೇ. ಆ ಸರಿಯಾಗಿದ್ದ ನನ್ನ ಮೇಲಿನ ಸಿಟ್ಟು ಮಾತ್ರ ಇನ್ನೂ ಇಳಿದಿಲ್ಲ.