ಟವೆಲ್ ನೋಡಿ ಚಪ್ಪಾಳೆ

ಹರದನಹಳ್ಳಿಯ ಶಿವಸ್ವಾಮಿ ಶುದ್ಧ ಸ್ವಾರ್ಥಿ. ಲಾಭವಿಲ್ಲದ ಕಡೆ ಕೈಯೆತ್ತಿ ನಮಸ್ಕಾರವನ್ನೂ ಮಾಡುವವನಲ್ಲ. ರಾಜಕೀಯ ಸಭೆಗಳಿಗೆ ಜನ ತುಂಬಿಸಿಕೊಡುವುದು ಅವನ ಕಸುಬು. ಪಕ್ಷಭೇದ ಮಾಡುವುದಿಲ್ಲ, ಅದಕ್ಕೆ ಸಮಾನತೆ ಎಂದು ಹೆಸರಿಟ್ಟುಕೊಂಡಿದ್ದಾನೆ. ತಾನು ಗೂಡ್ಸ್ ಆಟೊದಲ್ಲಿ ತುಂಬಿಕೊಂಡು ಬಂದ ಹೆಂಗಸರಿಗೆ ಭಾಷಣ ಕೇಳುವ ಶಿಕ್ಷೆಯನ್ನೂ ಕೊಡುವುದಿಲ್ಲ. ಅವನು ಬಲಹೆಗಲ ಟವೆಲನ್ನು ಎಡಹೆಗಲಿಗೆ ಹಾಕಿದರೆ ಅವರು ಚಪ್ಪಾಳೆ ತಟ್ಟಬೇಕು, ಅಷ್ಟೆ.

ಚಾಮರಾಜನಗರದ ನಮ್ಮ ಚಿತ್ರಸಂಘಕ್ಕೆ ಪದಾಧಿಕಾರಿಗಳಿದ್ದಾರೆ, ಪ್ರೇಕ್ಷಕರಿಲ್ಲ. ಪರದೇಶದ ಚುನಾವಣೆಯೊಂದರಲ್ಲಿ ಅಭ್ಯರ್ಥಿಯನ್ನು ಗೆಲ್ಲಿಸಲು ವಿಮಾನ ಹತ್ತಿ ಬಂದ ಕೋಟುಧಾರಿ ತಂತ್ರಗಾರರ ಸಿನಿಮಾ ತೋರಿಸಿ, ಜನರ ಅಭಿಪ್ರಾಯ ಕೇಳುವುದೆಂದು ತೀರ್ಮಾನವಾದಾಗ ಶಿವಸ್ವಾಮಿಗೇ ಹೇಳಿಕಳಿಸಬೇಕಾಯಿತು.

"ಜನ ತತ್ತೀನಿ ಮೇಡಮ್ಮೋರೆ. ಅಭಿಪ್ರಾಯನೂ ಬೇಕಾ, ಇಲ್ಲ ಚಪ್ಪಾಳೆ ಸಾಕಾ?" ಎಂದು ಕಾರ್ಯದರ್ಶಿಯಾದ ನನ್ನನ್ನು ಕೇಳಿದ.

ಕಾಸು ಕೇಳಲಿಲ್ಲ. ಔದಾರ್ಯವಲ್ಲ, ಮುಖ್ಯ ಅತಿಥಿ ಪಕ್ಷವೊಂದರ ಮುಖಂಡ ಬಸವಪ್ರಸಾದ್. ಮುಂದಿನ ವಾರ ಗುಂಡ್ಲುಪೇಟೆಯ ಸಮಾವೇಶಕ್ಕೆ ಜನ ತರುವ ಕೆಲಸ ಯಾರಿಗೆಂಬುದು ಆತನ ಕೈಯಲ್ಲಿತ್ತು. ಶಿವಸ್ವಾಮಿಗೆ ಅದು ಬೇಕೇ ಬೇಕಿತ್ತು.

ಸಿನಿಮಾ ಅರ್ಧವಾದಾಗ ಅವನಿಗೆ ಸೆಕೆಯಾಯಿತು. ಪರದೆಯ ಪಕ್ಕದಲ್ಲೇ ನಿಂತಿದ್ದವನು ಟವೆಲಿನಿಂದ ಮುಖ ಒರೆಸಿ, ಮರೆತು ಎಡಹೆಗಲಿಗೆ ಹಾಕಿಕೊಂಡ. ಪರದೆಯ ಮೇಲೆ ಅಭ್ಯರ್ಥಿಯ ತಾಯಿ ಆಗತಾನೆ ತೀರಿಕೊಂಡಿದ್ದಳು. ಭರ್ಜರಿ ಚಪ್ಪಾಳೆ ಬಿತ್ತು. ಶಿವಸ್ವಾಮಿ ಗಾಬರಿಯಿಂದ ಟವೆಲನ್ನು ಬಲಕ್ಕೆ ಎಳೆದುಕೊಂಡ.

ಕೊನೆಗೆ ಅಭಿಪ್ರಾಯಗಳು. ನಿವೃತ್ತ ಅಧ್ಯಾಪಕರೊಬ್ಬರು ಜಾಗತಿಕ ಬಂಡವಾಳದ ಬಗ್ಗೆ ಮಾತಾಡಿದರು. ಸಿನಿಮಾದ ಉದ್ದಕ್ಕೂ ಅವರು ಗೊರಕೆ ಹೊಡೆದಿದ್ದರು. ಬಸವಪ್ರಸಾದ್, ನಮ್ಮ ದೇಶಕ್ಕೂ ಆ ತಂತ್ರಗಾರರಂಥ ಬುದ್ಧಿವಂತರು ಬೇಕೆಂದ. ಆಮೇಲೆ, ಯಾರೂ ಕರೆಯದೆ, ಶಿವಸ್ವಾಮಿಯೊಂದಿಗೆ ಬಂದಿದ್ದ ಮಲ್ಲಾಜಮ್ಮ ಎದ್ದಳು.

"ಆ ಕೋಟಿನವ್ನೂ ನಮ್ ಶಿವಸ್ವಾಮಣ್ಣನ ಕೆಲ್ಸನೇ ಮಾಡದು ಕಣವ್ವ. ಅವ್ನ್ಗೆ ಇಮಾನ, ಇವ್ನ್ಗೆ ಗೂಡ್ಸ್ ಆಟೊ. ನಿಮ್ಗೇನು ಬೇಕು ಅಂತ ಇಬ್ರೂ ಒಂದ್ ದಪನೂ ಕೇಳ್ನಿಲ್ಲ. ಗುಂಡ್ಲುಪೇಟೆಗೆ ನಾ ಬರದಿಲ್ಲ, ಬುಡಿ."

ಬಸವಪ್ರಸಾದ್ ತಿರುಗಿದ. "ಏನ್ಲಾ ಶಿವಸ್ವಾಮಿ, ನಿನ್ ಜನನೇ ನಿನ್ ಮಾತ್ ಕೇಳಲ್ವಲ್ಲ. ಗುಂಡ್ಲುಪೇಟೆಗೆ ಬೇರೆಯವ್ರಿಗೆ ಏಳ್ಬುಡ್ಲಾ?"

"ಕೂತ್ಕ ಮಲ್ಲಾಜವ್ವ" ಎಂದು ಶಿವಸ್ವಾಮಿ ಒಮ್ಮೆ ಗದರಿದ್ದರೆ ಸಾಕಿತ್ತು, ಕೆಲಸ ಉಳಿಯುತ್ತಿತ್ತು. ಮಲ್ಲಾಜಮ್ಮ ನಿಂತೇ ಇದ್ದಳು. ಉಳಿದ ಹೆಂಗಸರು ಅವಳನ್ನು ಬಿಟ್ಟು ಅವನ ಹೆಗಲನ್ನೇ ನೋಡುತ್ತಿದ್ದರು.

ಶಿವಸ್ವಾಮಿ ಬಲಹೆಗಲ ಟವೆಲನ್ನು ತೆಗೆದು, ಕೊಡವಿ, ಎಡಹೆಗಲಿಗೆ ಹಾಕಿಕೊಂಡ.