ಫೋಟೋದ ಮುಂದಿಟ್ಟ ಅರ್ಜಿ

ನಮ್ಮ ಭಾಗದ ರಾಜಕೀಯ ಮುಖಂಡರಾಗಿದ್ದ ಸಾಹೇಬರು ತೀರಿಕೊಂಡು ವರ್ಷವಾದ ದಿನ ಮಹಾರಾಷ್ಟ್ರದ ಗಡಿಯ ಉದಗೀರದಲ್ಲಿ ದೊಡ್ಡ ಪೆಂಡಾಲು ಹಾಕಿದ್ದರು. ನಾನು ಅಲ್ಲೇ ಹತ್ತಿರದ ವಲಾಂಡಿಯ ನಿವೃತ್ತ ಮಾಸ್ತರ. ಕನ್ನಡವಷ್ಟೇ ಬರುವ ನಮ್ಮ ಓಣಿಯವರಿಗೆ ಮರಾಠಿಯಲ್ಲಿ ಅರ್ಜಿ ಬರೆದುಕೊಡುತ್ತಿದ್ದೆ. ಅದನ್ನು ಹಿಡಿದು ಅವರು ಸಾಹೇಬರ ಮನೆಗೆ ಹೋಗುತ್ತಿದ್ದರು. ಆ ಪರಿಚಯಕ್ಕೆ ನನ್ನನ್ನೂ ಕರೆದು, ಶಾಲು ಹೊದಿಸಿ, ನಾಲ್ಕು ಮಾತು ಆಡಿ ಎಂದರು.

ಇದ್ದದ್ದನ್ನೇ ಹೇಳಿದೆ. ಸಾಹೇಬರಿಂದ ಎಷ್ಟೋ ಕೆಲಸ ಆಗಲಿಲ್ಲ, ಆಗುವುದಿಲ್ಲವೆಂದು ಮುಖಕ್ಕೇ ಹೇಳುತ್ತಿದ್ದರು. ಆದರೆ ಕೈಗೆ ಬಂದ ಅರ್ಜಿಯನ್ನು ಓದದೆ ಕೆಳಗಿಟ್ಟವರಲ್ಲ. ಜನ ಚಪ್ಪಾಳೆ ತಟ್ಟಿದರು. ಎಲ್ಲರಿಗಿಂತ ಜೋರಾಗಿ ತಟ್ಟಿದವನು ಈಗ ಅವರ ಜಾಗದಲ್ಲಿರುವ ಮಗ.

ಅಷ್ಟರಲ್ಲಿ ನಮ್ಮ ಓಣಿಯ ಮುದುಕಿಯೊಬ್ಬಳು ವೇದಿಕೆ ಹತ್ತಿದಳು. ನಳಕ್ಕೆ ನೀರು ಬರುತ್ತಿಲ್ಲವೆಂದು ನಾನೇ ಬರೆದುಕೊಟ್ಟಿದ್ದ ಅರ್ಜಿ ಅವಳ ಕೈಯಲ್ಲಿತ್ತು.

"ಯಪ್ಪಾ, ನಿಮ್ಮ ಅಪ್ಪಾರು ಇದ್ದಾಗ ಹಿಂಗೇ ತಂದು ಕೊಡ್ತಿದ್ದೆ. ಇದೊಂದು ಓದಿ ನೋಡ್ರಿ."

ಮಗ ಮಡಿಕೆ ಬಿಚ್ಚಲಿಲ್ಲ. ಎರಡೂ ಕೈಯಿಂದ ತೆಗೆದುಕೊಂಡು, ಹಣೆಗೆ ಒತ್ತಿ, ಹಾರ ಹಾಕಿದ್ದ ಅಪ್ಪನ ಫೋಟೋದ ಮುಂದಿಟ್ಟು ಕೈಮುಗಿದ. ಎಂಥ ಭಕ್ತಿ ಎಂದು ಪೆಂಡಾಲಿಗೆ ಪೆಂಡಾಲೇ ಚಪ್ಪಾಳೆ ಹೊಡೆಯಿತು. ಹೂವು ಬಾಡಬಾರದೆಂದು ಒಬ್ಬ ನೀರು ಚಿಮುಕಿಸುತ್ತಿದ್ದ; ಅರ್ಜಿಯೂ ನೆನೆದು ಶಾಯಿ ಹರಡಿತು.

ಮುದುಕಿ ನನ್ನ ಬಳಿ ಬಂದಳು. "ಸಾಹೇಬ್ರ ಮುಂದನೇ ಇಟ್ಟಾರ ಮಾಸ್ತರ, ಇನ್ನ ನೀರು ಬರ್ತದ," ಅಂದಳು.

ಅದನ್ನು ಯಾರೂ ಓದಲಿಲ್ಲವೆಂದು ಅವಳಿಗೆ ಹೇಳಬೇಕಿತ್ತು. ಶಾಲು ಹೊದ್ದು ಕೂತಿದ್ದ ನಾನು ಆಗಲೂ ಚಪ್ಪಾಳೆ ತಟ್ಟುತ್ತಿದ್ದೆ.