ಸುಂದರಬಾಯಿ ಬೇಡವೆಂದ ಕುರ್ಚಿ

ಮೋರಖಂಡಿಯಲ್ಲಿ ಸುಂದರಬಾಯಿಯಷ್ಟು ಹಟಮಾರಿ ಹೆಂಗಸು ಇನ್ನೊಬ್ಬಳಿಲ್ಲ. ಗಂಡ ಸತ್ತ ಮೇಲೆ ಮಂದಿಯ ಹೊಲದಲ್ಲಿ ಕಳೆ ತೆಗೆದು, ತೊಗರಿ ಕೊಯ್ದು, ಒಬ್ಬಳೇ ಮಗಳು ಸ್ನೇಹಲಳನ್ನು ಹುಮನಾಬಾದಿನ ಒಂದು ಸೇವಾಸಂಸ್ಥೆಯ ಹಾಸ್ಟೆಲಿನಲ್ಲಿಟ್ಟು ಓದಿಸಿದಳು. ಒಂಬತ್ತನೇ ತರಗತಿಯಲ್ಲಿ ಹುಡುಗಿಗೆ ಜ್ವರ ಬಂತು. ಐದು ದಿನ ದವಾಖಾನೆಗೆ ಒಯ್ಯಲಿಲ್ಲ, ತಾಯಿಗೊಂದು ಫೋನೂ ಮಾಡಲಿಲ್ಲ. ಆರನೇ ದಿನ ಹೆಣ ಕಳಿಸಿದರು, ಪಾಪಿಗಳು!

ಓಣಿಯಲ್ಲಿ ನಾಲ್ಕಕ್ಷರ ಬಲ್ಲವನು ನಾನು, ಸಂಘಪಾಲ. ಅವಳು ಅಳುತ್ತ ಹೇಳಿದಂತೆ ದೂರು ಬರೆದುಕೊಟ್ಟೆ. ಬೀದರಿನಲ್ಲಿ ಜಿಲ್ಲಾ ಅಧಿಕಾರಿಯ ಮುಂದೆ ವಿಚಾರಣೆಗೆ ದಿನ ಗೊತ್ತಾಯಿತು.

ಅಷ್ಟರಲ್ಲಿ ಸಂಸ್ಥೆಯ ಅಧ್ಯಕ್ಷ ಧನರಾಜ ಜೀಪಿನಲ್ಲಿ ಬಂದ. ಕೈಯಲ್ಲಿ ಹೂಹಾರ ಬೇರೆ!

"ಬಾಯಿ, ನಮ್ಮ ಆಡಳಿತ ಮಂಡಳಿಗಿ ನೀವು ಡೈರೆಕ್ಟರ್ ಆಗ್ರಿ. ಬರೇ ಆ ದೂರು ವಾಪಸ್ ತಗೊಳ್ರಿ. ಮನಿ ಮಂದಿ ಮ್ಯಾಲ ಮನಿ ಮಂದೀನೇ ದೂರು ಕೊಟ್ರ ಹ್ಯಾಂಗ? ನಾಳಿ ಬರ್ತೀನಿ, ವಿಚಾರ ಮಾಡ್ರಿ."

ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರು ಅನ್ನೋದು ಇದಕ್ಕೇ. ಆದರೂ ನಾನೇ ಅವಳಿಗೆ ಹೇಳಿದೆ: "ಕಾಕು, ಆಗಿಬಿಡು. ಒಳಗ ಇನ್ನೂ ನಲವತ್ತು ಹುಡುಗೇರು ಅದಾರ. ಹೊರಗ ನಿಂತು ಎಷ್ಟಂತ ಚೀರ್ತಿ?"

"ನೀ ಅನ್ನೂದು ಖರೆ ಅದ, ಸಂಘು," ಎಂದಳು. ಅಂದು ಕೂಲಿಗೆ ಹೋಗಲಿಲ್ಲ, ರೊಟ್ಟಿ ಬಡಿಯಲಿಲ್ಲ.

ಮರುದಿನ ಧನರಾಜನನ್ನು ಒಂದೇ ಮಾತು ಕೇಳಿದಳು: "ಡೈರೆಕ್ಟರ್ ಆದ್ರ ಬೇಕಾದಾಗ ಒಳಗ ಬಿಡ್ತೀರಿ?"

"ಬೇಷಕ್ ಬಾಯಿ! ಯಾರು ತಡೀತಾರ?"

"ಆ ಐತವಾರ ಹುಡುಗಿನ್ನ ನೋಡ್ಲಾಕ ಬಂದು ಮಧ್ಯಾಹ್ನದ ತನಕ ನಿಮ್ಮ ಗೇಟಿನಾಗ ನಿಂತಿದ್ದೆ. ಒಳಗ ನನ್ನ ಮಗಳು ಜ್ವರದಾಗ ಬಿದ್ದಿದ್ಳು. ಅವ್ವಗ ಬಿಡ್ಲಿಲ್ಲ, ಡೈರೆಕ್ಟರಿಗಿ ಬಿಡ್ತೀರಿ? ಹೋಗ್ರಿ ಇಲ್ಲಿಂದ."

ಎರಡು ದಿನ ಬಿಟ್ಟು ಧನರಾಜ ನನ್ನನ್ನು ಮಾಣಿಕನಗರದ ಚಹಾ ಅಂಗಡಿಗೆ ಕರೆಸಿದ. "ನೀವು ಓದಿದವ್ರು, ನೀವರ ಡೈರೆಕ್ಟರ್ ಆಗ್ರಿ." ನಲವತ್ತು ಹುಡುಗಿಯರ ಮಾತು ನನ್ನ ಬಾಯಲ್ಲಿ ಮೊದಲೇ ಇತ್ತಲ್ಲ, ಒಪ್ಪಿಬಿಟ್ಟೆ. ಮೊದಲ ಸಭೆಯಲ್ಲೇ ಸುಂದರಬಾಯಿಯ ದೂರಿಗೆ ಸಂಸ್ಥೆಯ ಉತ್ತರ ನನ್ನ ಮುಂದೆ ಬಂತು: ಬಾಲಕಿಗೆ ಸಕಾಲದಲ್ಲಿ ಚಿಕಿತ್ಸೆ ಕೊಡಿಸಲಾಗಿದೆ, ತಾಯಿಗೆ ತಿಳಿಸಲಾಗಿದೆ. ನಿರ್ದೇಶಕರೆಲ್ಲ ಸಹಿ ಹಾಕಬೇಕಂತೆ. ಥೂ ನನ್ನ ಜನ್ಮಕ್ಕೆ, ಹಾಕಿದೆ.

ಅವಳಿಗೆ ಹೇಳುವ ಧೈರ್ಯ ಬರಲಿಲ್ಲ. ಓದಲು ಬಾರದವಳು, ವಿಚಾರಣೆಗೆ ನನ್ನನ್ನೇ ಜೊತೆಗೆ ಕರೆದುಕೊಂಡು ಹೋದಳು. ಪಕ್ಕದಲ್ಲೇ ಕೂತಿದ್ದೆ. ಅಧಿಕಾರಿ ಉತ್ತರ ಓದಿ, ಸಹಿ ಹಾಕಿದವರ ಹೆಸರುಗಳನ್ನೂ ಓದಿದರು. ನನ್ನ ಹೆಸರು ಬಂದ ಕೂಡಲೇ ಸುಂದರಬಾಯಿ ಎದ್ದು ನಿಂತಳು.

"ತಪ್ಪಿ ಬರದಾರ್ರಿ ಸಾಹೇಬ್ರ, ಆ ಹೆಸರು ಹೊಡದು ಹಾಕ್ರಿ," ಎಂದು ನನ್ನ ಹೆಗಲ ಮೇಲೆ ಕೈ ಇಟ್ಟಳು. "ಇಂವ ನಮ್ಮಂವ."